ಸಿಎ ಪಾಸಾಯ್ತು, ಅಮ್ಮನ ಲೆಕ್ಕದ ಪುಸ್ತಕಕ್ಕೊಂದು ಥ್ಯಾಂಕ್ಸ್

ನಿನ್ನೆ ರಿಸಲ್ಟ್ ಬಂತು. ಸಿಎ ಫೈನಲ್‌ನಲ್ಲಿ ಪೇಪರುಗಳ ಎರಡು ಗ್ರೂಪ್ ಇರುತ್ತವೆ, ಅದರಲ್ಲಿ ಎರಡನೆಯದು ಒಂದು ಉಳಿದುಕೊಂಡಿತ್ತು, ಅದೂ ಮುಗಿಯಿತು. ವಿಶ್ ಮಾಡಿದ ಎಲ್ಲರಿಗೂ ಥ್ಯಾಂಕ್ಸ್. ಒಬ್ಬೊಬ್ಬರಿಗೂ ಉತ್ತರ ಬರೆಯೋಕೆ ಆಗಿಲ್ಲ, ಬೇಜಾರು ಮಾಡ್ಕೋಬೇಡಿ. ಯಾವ ಕೋಚಿಂಗು, ಯಾರ ನೋಟ್ಸು ಅಂತ ತುಂಬಾ ಜನ ಕೇಳಿದ್ದೀರಿ, ಅದನ್ನು ಇನ್ನೊಂದು ದಿನ ಹೇಳುತ್ತೇನೆ. ಇವತ್ತು ಅಮ್ಮನ ವಿಷಯ.

ನಮ್ಮೂರು ತೀರ್ಥಹಳ್ಳಿ ಕಡೆ. ಸ್ವಂತ ತೋಟ ಇಲ್ಲ. ಅಪ್ಪ ಕೊನೆಗೌಡ, ಅಂದರೆ ಬೇರೆಯವರ ತೋಟದಲ್ಲಿ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೆಲಸ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಹತ್ತಿದವರು ಜಾರಿ ಬಿದ್ದರು. ಜೀವ ಉಳಿಯಿತು, ಸೊಂಟ ಹೋಯಿತು. ಆಮೇಲೆ ಮನೆ ನಡೆದಿದ್ದು ಅಮ್ಮನ ಅಡಿಕೆ ಸುಲಿಯುವ ಕೂಲಿಯಲ್ಲಿ, ಸೀಸನ್ ಇಲ್ಲದಾಗ ಗದ್ದೆ ಕೆಲಸದಲ್ಲಿ.

ತ್ಯಾಗಮಯಿ, ದೇವತೆ ಅಂತೆಲ್ಲ ಬರೆಯಲ್ಲ. ಅಮ್ಮನಿಗೆ ಸಿಟ್ಟು ಜಾಸ್ತಿ, ಬಾಯಿಯೂ ಸ್ವಲ್ಪ ಜೋರು. ಊರಲ್ಲಿ ಕೇಳಿದರೆ ಹೇಳುತ್ತಾರೆ.

ಮಲೆನಾಡಿನವರಿಗೆ ಗೊತ್ತಿರುತ್ತೆ, ಉಳಿದವರಿಗೆ ಹೇಳುತ್ತೇನೆ. ನಮ್ಮ ಕಡೆ ಮಾಡುವುದು ಕೆಂಪಡಿಕೆ. ಕಾಯಿ ಹಸಿರಿದ್ದಾಗಲೇ ಕೊಯ್ದು, ಸಿಪ್ಪೆ ಸುಲಿದು, ಚೊಗರಿನಲ್ಲಿ, ಅಂದರೆ ಮೊದಲು ಅಡಿಕೆ ಬೇಯಿಸಿದ ಕೆಂಪು ನೀರಿನಲ್ಲಿ, ಬೇಯಿಸಿ, ಒಣಗಿಸಬೇಕು. ಕೊಯ್ದದ್ದನ್ನು ಹಾಗೇ ರಾಶಿ ಹಾಕಿ ಕೂರುವ ಹಾಗಿಲ್ಲ, ಅದಕ್ಕೇ ಸುಲಿಯುವ ಕೆಲಸ ರಾತ್ರಿಯವರೆಗೂ ನಡೆಯುತ್ತದೆ. ಮೆಟ್ಟುಗತ್ತಿ ಅಂತ ಇರುತ್ತದೆ, ಮರದ ಹಲಗೆಗೆ ನೆಟ್ಟಗೆ ಕೂರಿಸಿದ ಕತ್ತಿ. ಹಲಗೆಯನ್ನು ಕಾಲಲ್ಲಿ ಮೆಟ್ಟಿ ಹಿಡಿದು, ಕಾಯಿಯನ್ನು ಕತ್ತಿಗೆ ಒತ್ತಿ ತಿರುಗಿಸಿದರೆ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಅಮ್ಮ ಕೈ ನೋಡುವುದೇ ಇಲ್ಲ. ಪಕ್ಕದವರ ಜೊತೆ ಮಾತಾಡುತ್ತಲೇ ಡಬ್ಬ ತುಂಬಿಸುತ್ತಾಳೆ. ಬೆರಳಿಗೆ ಹಳೇ ಸೀರೆಯ ಚೂರು ಸುತ್ತಿಕೊಂಡಿರುತ್ತಾಳೆ, ಆದರೂ ಉಗುರಿನ ಸುತ್ತ ಅಡಿಕೆ ಕಲೆ ಕೂತು ಕಪ್ಪಾಗಿರುತ್ತದೆ. ಸೋಪಿಗೆಲ್ಲ ಅದು ಹೋಗಲ್ಲ. ಸೀಸನ್ ಮುಗಿದು ಹೊಸ ಉಗುರು ಬರುವವರೆಗೂ ಹಾಗೇ.

ಕೂಲಿ ಡಬ್ಬದ ಲೆಕ್ಕ, ಸುಲಿದದ್ದು ಎಷ್ಟು ಡಬ್ಬ ಆಯಿತೋ ಅಷ್ಟಕ್ಕೆ ದುಡ್ಡು. ಮೊದಲು ಲೆಕ್ಕ ಬರೆಯುತ್ತಿದ್ದದ್ದು ಕೆಲಸ ಕೊಟ್ಟವರು ಮಾತ್ರ. ಕೊನೆಗೆ ದುಡ್ಡು ಕೊಡುವ ದಿನ ಅವರದೊಂದು ಲೆಕ್ಕ, ಹೆಂಗಸರ ಬಾಯಲ್ಲಿ ಇನ್ನೊಂದು ಲೆಕ್ಕ, ಗಲಾಟೆ. ಒಂದು ವರ್ಷ ಅಮ್ಮ ನನ್ನ ಗಣಿತದ ನೋಟ್‌ಬುಕ್ಕಿನ ಖಾಲಿ ಹಾಳೆಗಳನ್ನು ಹರಿದು ಹೊಲಿದು ತಾನೇ ಬರೆಯಲು ಶುರು ಮಾಡಿದಳು. ಅವಳು ಓದಿದ್ದು ನಾಲ್ಕನೇ ಕ್ಲಾಸು. ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಮನೆಗೆ ಹೊರಡುವ ಮೊದಲು ಎಲ್ಲರ ಎದುರಿಗೇ ಗಟ್ಟಿಯಾಗಿ ಓದಬೇಕು. ಓದುವ ಕೆಲಸ ನನ್ನದು, ಯಾಕೆಂದರೆ ನಾನು ಅಲ್ಲೇ ಬಲ್ಬಿನ ಕೆಳಗೆ ಹೋಂವರ್ಕ್ ಮಾಡುತ್ತಾ ಕೂತಿರುತ್ತಿದ್ದೆ.

ಒಂದು ಸಲ ಒಬ್ಬ ಅಕ್ಕನ ಲೆಕ್ಕದಲ್ಲಿ ಐದು ಅಂತ ಇದ್ದದ್ದು ಆರು ಆಗಬೇಕಿತ್ತು. ನಾನು ರಬ್ಬರ್ ತೆಗೆದೆ. ಅಮ್ಮ ಕೈಗೇ ಒಂದು ಕೊಟ್ಟಳು. "ಅಳಿಸಬೇಡ. ಒಂದು ಗೆರೆ ಎಳಿ, ಪಕ್ಕದಲ್ಲಿ ಬರಿ. ಮೊದ್ಲು ಎಷ್ಟಿತ್ತು ಅಂತ ಎಲ್ರಿಗೂ ಕಾಣ್ಬೇಕು." ಅಷ್ಟೇ. ಯಾಕೆ ಏನು ಅಂತ ಹೇಳುವ ಅಭ್ಯಾಸ ಅವಳಿಗಿಲ್ಲ.

ಇದು ನನಗೆ ಸರಿಯಾಗಿ ತಲೆಗೆ ಹೋಗಿದ್ದು ಬೆಂಗಳೂರಿನಲ್ಲಿ ಸಿಎ ತರಬೇತಿ, ಅಂದರೆ ಆರ್ಟಿಕಲ್‌ಶಿಪ್ ಮಾಡುವಾಗ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಲಾಗ್ ಇರಲೇಬೇಕು ಅಂತ ನಿಯಮ ಬಂತು. ಯಾವ ಎಂಟ್ರಿ ಬದಲಾಯಿಸಿದರೂ ಯಾವತ್ತು ಬದಲಾಯಿತು, ಏನು ಬದಲಾಯಿತು ಎಲ್ಲ ದಾಖಲಾಗಬೇಕು, ಅದನ್ನು ಆಫ್ ಮಾಡುವ ಹಾಗಿಲ್ಲ. ಆಫೀಸಿನಲ್ಲಿ ಎಲ್ಲರೂ ಇದೊಂದು ಹೊಸ ತಲೆನೋವು ಅಂತ ಗೊಣಗುತ್ತಿದ್ದರು. ನಾನು ಸುಮ್ನೆ ನಗುತ್ತಾ ಕೂತಿದ್ದೆ, ನನಗೆ ಆ ನಿಯಮ ಪೆಟ್ಟು ಬಿದ್ದು ಕಲಿತದ್ದು ಅಲ್ವಾ.

ಡಬ್ಬದ ಕಥೆಯೂ ಇದೆ. ಒಂದು ಮನೆಯಲ್ಲಿ, ಯಾರ ಮನೆ ಅಂತ ಬೇಡ, ಡಬ್ಬ ಯಾಕೋ ಬೇಗ ತುಂಬುತ್ತಿರಲಿಲ್ಲ. ಅಮ್ಮ ಡಬ್ಬ ಕವುಚಿ ತಳ ನೋಡಿದಳು. ತಳ ಒಳಗಿಂದ ಬಡಿದು ಹೊರಗೆ ಉಬ್ಬಿಸಿದ್ದರು. ಜಗಳ ಮಾಡುತ್ತಾಳೆ ಅಂದುಕೊಂಡೆ, ಮಾಡಲಿಲ್ಲ. ಕತ್ತಿ ಬದಿಗಿಟ್ಟು, ಕಲ್ಲು ತಂದು, ಎಲ್ಲರೂ ನೋಡುತ್ತಿರುವಾಗ ತಳವನ್ನು ಬಡಿದು ಸಮ ಮಾಡಿ ಮತ್ತೆ ಕೂತಳು. ಮನೆಯವರು ಒಂದು ಮಾತಾಡಲಿಲ್ಲ. ಸರಕು ಎಣಿಸಿ ನೋಡುವ ಸ್ಟಾಕ್ ವೆರಿಫಿಕೇಶನ್‌ಗೆ ಹೋದಾಗ ಕಂಪ್ಯೂಟರಿನ ಲೆಕ್ಕ ನಂಬದೆ ಗೋಡೌನಿನ ಹಿಂದಿನ ಸಾಲಿನವರೆಗೂ ಹೋಗಿ ಪೆಟ್ಟಿಗೆ ತೆರೆಸುತ್ತೇನೆ ಅಂತ ನನ್ನ ಜೊತೆಯವರು ಗೇಲಿ ಮಾಡುತ್ತಾರೆ. ಮಾಡಲಿ.

ಫೈನಲ್‌ನಲ್ಲಿ ಫೇಲಾದಾಗಿನ ದಿನಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಿಎ ಓದುವವರಿಗೆ ಗೊತ್ತು, ಪ್ರತಿ ಪೇಪರಿನಲ್ಲಿ 40 ಬಂದರೆ ಸಾಲದು, ಗ್ರೂಪಿನ ಒಟ್ಟು ಅಂಕ ಶೇ. 50 ಆಗಬೇಕು. ನನಗೆ ಎಲ್ಲದರಲ್ಲೂ 40 ದಾಟಿತ್ತು, ಒಟ್ಟು ಸಾಲಲಿಲ್ಲ. ಅಮ್ಮನಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಅಮ್ಮ ಸಮಾಧಾನ ಹೇಳಲಿಲ್ಲ. ಒಂದೊಂದು ಪೇಪರಿನದೂ ಹೇಳು ಅಂತ ಹೇಳಿ ಬರೆದುಕೊಂಡಳು, ಕೂಡಿದಳು. "ಎಂಥ ಮಾರಾಯ್ತಿ ಇದು, ಎಲ್ಲದ್ರಲ್ಲೂ ಪಾಸು, ಕೂಡಿದ್ರೆ ಫೇಲು?" ಅಂತ ಬೈದಳು, ನನಗಲ್ಲ, ಪರೀಕ್ಷೆಗೆ. ಆಮೇಲೆ ಕೇಳಿದಳು, "ಇದ್ರಲ್ಲಿ ಯಾವ್ದ್ರಲ್ಲಿ ಇನ್ನೂ ಜಾಸ್ತಿ ತೆಗೀಬಹುದು?" ನಾನು ಅಲ್ಲಿಯವರೆಗೆ ಹೆದರಿಕೆಯ ಪೇಪರನ್ನೇ ಹಿಡಿದು ಕೂತಿದ್ದೆ. ಚೆನ್ನಾಗಿ ಬರುವ ಪೇಪರಿನಲ್ಲಿ ಹದಿನೈದು ಅಂಕ ಹೆಚ್ಚು ತೆಗೆದರೂ ಗ್ರೂಪ್ ದಾಟುತ್ತದೆ ಅನ್ನುವುದು ನನ್ನ ತಲೆಗೆ ಬಂದಿರಲೇ ಇಲ್ಲ. ಈ ಸಲ ಓದಿದ್ದು ಅದೇ ಲೆಕ್ಕದಲ್ಲಿ, ದಾಟಿದ್ದೂ ಅದರಿಂದಲೇ.

ಅಮ್ಮನ ಜೊತೆ ಸುಲಿಯುತ್ತಿದ್ದ ಅಕ್ಕಂದಿರಿಗೂ ಥ್ಯಾಂಕ್ಸ್. ಪಿಯುಸಿ ಫೀಸ್ ಕಟ್ಟುವಾಗ ಅವರ ಕೂಲಿಯಲ್ಲಿ ಕೈಸಾಲ ಕೊಟ್ಟಿದ್ದರು, ಅದೂ ಅದೇ ಪುಸ್ತಕದಲ್ಲಿ ಬರೆದಿದೆ, ತೀರಿದ್ದಕ್ಕೆ ಗೆರೆಯೂ ಇದೆ. ಕಾಮರ್ಸ್ ತಗೋ ಅಂದ ತೀರ್ಥಹಳ್ಳಿಯ ಮೇಡಂಗೆ, ಸ್ಟೈಪೆಂಡ್ ಬರುವುದು ತಡವಾದಾಗ ಪಿಜಿ ಬಾಡಿಗೆ ಹಾಕಿದ ರೂಮ್‌ಮೇಟ್‌ಗೆ, ಅಮ್ಮ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿಯನ್ನು ಚೆಲ್ಲದಂತೆ ಬೆಂಗಳೂರಿಗೆ ತಂದುಕೊಡುತ್ತಿದ್ದ ರಾತ್ರಿ ಬಸ್ಸಿನ ಕಂಡಕ್ಟರ್ ಅಣ್ಣನಿಗೆ ಕೂಡ. ಅಪ್ಪ ಈಗಲೂ ಕೂತಲ್ಲಿಂದಲೇ ಎಲ್ಲರಿಗೂ ಕಾಲ್ ಮಾಡಿ ರಿಸಲ್ಟ್ ಹೇಳುತ್ತಿದ್ದಾರೆ, ಅವರಿಗೆ ಬೇರೆ ಥ್ಯಾಂಕ್ಸ್ ಬೇಡವಂತೆ.

ಅಮ್ಮನಿಗೆ ನಿನ್ನೆ ಕಾಲ್ ಮಾಡಿದಾಗ ಜೋರು ಮಳೆ, ಕರೆಂಟಿಲ್ಲ, ಕೊಟ್ಟಿಗೆ ಹತ್ತಿರ ನಿಂತರೆ ಮಾತ್ರ ನೆಟ್‌ವರ್ಕ್. ಪಾಸಾದೆ ಅಂದೆ. "ಒಟ್ಟು ಎಷ್ಟು?" ಅಂತ ಕೇಳಿದಳು. ಹೇಳಿದೆ. "ಒಂದ್ನಿಮಿಷ ಇರು, ಪೆನ್ನು ತರ್ತೀನಿ" ಅಂದಳು.

ತಂಗಿ, ನೀನು ಇದನ್ನು ಅಮ್ಮನಿಗೆ ಓದಿ ಹೇಳು. ಡಬ್ಬದ ವಿಷಯ ಬಂದಾಗ ಮಾತ್ರ ಸ್ವಲ್ಪ ಮೆಲ್ಲಗೆ ಓದು. ನವರಾತ್ರಿ ಕಳೆದರೆ ಕೊಯ್ಲು ಜೋರಾಗುತ್ತೆ, ಅವಳಿಗೆ ಅದೇ ಮನೆಗೆ ಕೆಲಸಕ್ಕೆ ಹೋಗೋದಿದೆ.