ಓಟು ಸಿಕ್ಕವರ ಜೊತೆ ನೆಲ ಕಳ್ಕೊಂಡವರ ಬಗ್ಗೆನೂ ಬರೀರಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಲಿ ಅಮೆರಿಕ ಗಣರಾಜ್ಯದ ಮೊದಲ ಐವತ್ತು ವರ್ಷದ ಬಗ್ಗೆ ಬಂದ ಲೇಖನ ಓದ್ದೆ. 1803ರಲ್ಲಿ ಅಧ್ಯಕ್ಷ ಜೆಫರ್ಸನ್ ಸರ್ಕಾರ ಫ್ರಾನ್ಸ್ ಕೈಯಿಂದ ಒಂದೂವರೆ ಕೋಟಿ ಡಾಲರ್‌ಗೆ ಲೂಸಿಯಾನಾ ಅನ್ನೋ ದೊಡ್ಡ ಪ್ರದೇಶ ಕೊಂಡಿದ್ದು, ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಕಾಲಕ್ಕೆ ಆಸ್ತಿ ಇಲ್ಲದ ಸಾಮಾನ್ಯರಿಗೂ ಓಟು ಸಿಕ್ಕಿದ್ದು ಎಲ್ಲಾ ಚೆನ್ನಾಗಿ ಬರೆದಿದ್ರು. ಆದ್ರೆ ಸಾಮಾನ್ಯರು ಅಂದ್ರೆ ಯಾರು? ಬಿಳಿ ಗಂಡಸರು ಅಷ್ಟೇ. ನ್ಯೂಜೆರ್ಸಿಲಿ ಆಸ್ತಿ ಇದ್ದ ಒಂಟಿ ಹೆಂಗಸರು ಓಟು ಹಾಕ್ತಿದ್ರು, 1807ರಲ್ಲಿ ಅದನ್ನ ಕಿತ್ಕೊಂಡ್ರು. ನ್ಯೂಯಾರ್ಕ್‌ನಲ್ಲಿ 1821ರಲ್ಲಿ ಬಿಳಿಯರಿಗೆ ಆಸ್ತಿ ಷರತ್ತು ಹೋಯ್ತು, ಕಪ್ಪು ಗಂಡಸರಿಗೆ ಮಾತ್ರ 250 ಡಾಲರ್ ಆಸ್ತಿ ಬೇಕೇ ಬೇಕು ಅಂದ್ರು.

ನಂಗೆ ಜಾಸ್ತಿ ಬೇಜಾರಾಗಿದ್ದು ಅಮೆರಿಕದ ಮೂಲನಿವಾಸಿಗಳಾದ ಚೆರೋಕೀ ಜನರನ್ನ ಒಂದೇ ಸಾಲಲ್ಲಿ "ಪಶ್ಚಿಮಕ್ಕೆ ವಲಸೆ ಹೋದರು" ಅಂತ ಮುಗಿಸಿದ್ದಕ್ಕೆ. ಅದು ವಲಸೆ ಅಲ್ಲ ಸರ್, ಓಡಿಸಿದ್ದು.

ಆ ಜನ ಏನೇನು ಮಾಡಿದ್ರು ಅಂತ ಸ್ವಲ್ಪ ನೋಡಿ. ಸಿಕ್ವೋಯ ಅಂತ ಬೆಳ್ಳಿ ಕೆಲಸದವನು, ಇಂಗ್ಲಿಷ್ ಓದೋಕೆ ಬರ್ತಿರ್ಲಿಲ್ಲ, ವರ್ಷಗಟ್ಟಲೆ ಕೂತು ಒಂದೊಂದು ಉಚ್ಚಾರಕ್ಕೆ ಒಂದೊಂದು ಅಕ್ಷರ ಅಂತ ತಮ್ಮ ಭಾಷೆಗೆ ಲಿಪಿ ಮಾಡಿದ. ಯಾರೂ ನಂಬ್ಲಿಲ್ಲ. 1821ರಲ್ಲಿ ತನ್ನ ಪುಟ್ಟ ಮಗಳು ಅಯೋಕಳನ್ನ ದೂರ ಕಳಿಸಿ, ಹಿರಿಯರು ಹೇಳಿದ ಮಾತನ್ನ ಬರ್ಕೊಂಡು, ಆಮೇಲೆ ಅವಳ ಕೈಗೆ ಕೊಟ್ಟ, ಅವಳು ಗಟ್ಟಿಯಾಗಿ ಓದಿಬಿಟ್ಲು! ಕೆಲವೇ ವರ್ಷದಲ್ಲಿ ಮನೆಮನೆಗೂ ಅಕ್ಷರ ಹೋಯ್ತು. 1827ರಲ್ಲಿ ಸಂವಿಧಾನ ಬರ್ಕೊಂಡ್ರು, 1828ರಲ್ಲಿ ತಮ್ಮ ರಾಜಧಾನಿ ನ್ಯೂ ಎಕೋಟಾದಿಂದ ಚೆರೋಕೀ ಫೀನಿಕ್ಸ್ ಅನ್ನೋ ಪತ್ರಿಕೆ ತಂದ್ರು, ಒಂದೇ ಪುಟದಲ್ಲಿ ಚೆರೋಕೀ, ಇಂಗ್ಲಿಷ್ ಎರಡೂ, ಅಚ್ಚಿನ ಮೊಳೆ ಬಾಸ್ಟನ್‌ನಲ್ಲಿ ಮಾಡ್ಸಿದ್ದು. (ಅವರಲ್ಲಿ ಅನುಕೂಲಸ್ಥರು ಕಪ್ಪು ಜನರನ್ನ ಗುಲಾಮರಾಗಿ ಇಟ್ಕೊಂಡಿದ್ರು, ಅದನ್ನೂ ಮುಚ್ಚಿಡಬಾರದು.)

ಅಷ್ಟರಲ್ಲಿ ಚೆರೋಕೀ ನೆಲ ಇದ್ದ ಜಾರ್ಜಿಯಾ ರಾಜ್ಯದಲ್ಲಿ ಚಿನ್ನ ಸಿಕ್ತು. 1830ರಲ್ಲಿ ಇಂಡಿಯನ್ನರನ್ನ (ಅಂದ್ರೆ ಅಮೆರಿಕದ ಮೂಲನಿವಾಸಿಗಳನ್ನ) ಮಿಸಿಸಿಪ್ಪಿ ನದಿಯಾಚೆ ಕಳಿಸೋ ಕಾಯ್ದೆ ಅಮೆರಿಕ ಸಂಸತ್ತಿನ ಕೆಳಮನೇಲಿ 102ಕ್ಕೆ 97 ಓಟಲ್ಲಿ ಪಾಸಾಯ್ತು. 1832ರಲ್ಲಿ ಸುಪ್ರೀಂ ಕೋರ್ಟ್‌ನ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್, ಚೆರೋಕೀ ನೆಲದಲ್ಲಿ ಜಾರ್ಜಿಯಾ ಕಾನೂನು ನಡೆಯಲ್ಲ ಅಂತ ತೀರ್ಪು ಕೊಟ್ರೂ ಜಾರ್ಜಿಯಾ ಕೇಳಲಿಲ್ಲ, ಅದೇ ವರ್ಷ ಅವರ ಹೊಲ ಮನೆ ಎಲ್ಲಾ ಲಾಟರಿ ಎತ್ತಿ ಬಿಳಿಯರಿಗೆ ಹಂಚ್ತು. ಚೆರೋಕೀ ಮುಖ್ಯಸ್ಥ ಜಾನ್ ರಾಸ್ ತಮ್ಮವರ ಪರ ಮಾತಾಡೋಕೆ ವಾಷಿಂಗ್ಟನ್‌ಗೆ ಹೋಗಿ ವಾಪಸ್ ಬಂದ್ರೆ ಅವರ ಮನೇಲೇ ಬೇರೆ ಯಾರೋ ಇದ್ರು, ಕೊನೆಗೆ ಟೆನೆಸ್ಸಿಲಿ ಒಂದು ಮರದ ಗುಡಿಸಲಿಗೆ ಹೋಗಬೇಕಾಯ್ತು.

1835ರಲ್ಲಿ ಫೀನಿಕ್ಸ್ ಪ್ರೆಸ್ಸನ್ನ ಜಾರ್ಜಿಯಾದ ಪಡೆ ಎತ್ಕೊಂಡು ಹೋಯ್ತು. ಆ ವರ್ಷದ ಕೊನೆಗೆ ಒಂದು ಸಣ್ಣ ಗುಂಪು ಚುನಾಯಿತ ನಾಯಕರ ಒಪ್ಪಿಗೆ ಇಲ್ದೇನೇ ನೆಲ ಬಿಟ್ಟುಕೊಡೋ ಒಪ್ಪಂದಕ್ಕೆ ಸಹಿ ಹಾಕ್ತು, ಅದರಲ್ಲಿ ಪತ್ರಿಕೆಯ ಮೊದಲ ಸಂಪಾದಕ ಎಲಿಯಾಸ್ ಬೌಡಿನಾಟ್ ಕೂಡ ಇದ್ದ, ಇನ್ನು ಉಳಿಯೋಕೆ ಸಾಧ್ಯವೇ ಇಲ್ಲ ಅಂತ ಅವನಿಗೆ ಅನ್ನಿಸಿತ್ತು. ಅವನ ಮೇಲೆ ಸಿಟ್ಟು ಮಾಡ್ಕೊಳ್ಳೋಕೂ ನಂಗೆ ಆಗಲ್ಲ. 1839ರಲ್ಲಿ ಸ್ವಂತ ಜನಾನೇ ಅವನನ್ನ ಕೊಂದ್ರು. ಸಾವಿರಾರು ಜನ ಸಹಿ ಮಾಡಿ ವಿರೋಧ ಕಳಿಸಿದ್ರೂ ಸೆನೆಟ್ ಒಪ್ಪಂದ ಒಪ್ಕೊಳ್ತು, ಒಂದೇ ಒಂದು ಓಟು ಆ ಕಡೆ ಹೋಗಿದ್ರೂ ಬೀಳ್ತಿತ್ತು. 1838ರಲ್ಲಿ ಸೈನಿಕರು ಚೆರೋಕೀ ಜನರನ್ನ ಮನೆಗಳಿಂದ ಎಳ್ಕೊಂಡು ಬಂದು ಬೇಲಿ ಹಾಕಿದ ಶಿಬಿರದಲ್ಲಿ ಕೂಡಿ ಹಾಕಿದ್ರು, ಸುಮಾರು 16,000 ಜನರಲ್ಲಿ ಅಂದಾಜು 4,000 ಜನ ಶಿಬಿರದಲ್ಲಿ, ಪಶ್ಚಿಮಕ್ಕೆ ಹೋಗೋ ದಾರಿಯಲ್ಲಿ ಸತ್ರು.

ಉಳಿದವರು 1844ರಲ್ಲಿ ಮಿಸಿಸಿಪ್ಪಿಯಾಚೆಯ ಹೊಸ ರಾಜಧಾನಿ ತಹ್ಲೆಕ್ವಾದಿಂದ ಮತ್ತೆ ಪತ್ರಿಕೆ ಶುರು ಮಾಡಿದ್ರು, ಚೆರೋಕೀ ಅಡ್ವೊಕೇಟ್ ಅಂತ. ಲೇಖನದ ಮುಂದಿನ ಕಂತು ಇದೆ ಅಂತ ಹಾಕಿದೀರಿ. ಅದರಲ್ಲಿ ಈ ಎರಡು ಪತ್ರಿಕೆಗೆ ಅರ್ಧ ಪುಟ ಆದ್ರೂ ಕೊಡಿ, ಮತ್ತೆ "ವಲಸೆ" ಅನ್ನೋ ಪದವನ್ನ ದಯವಿಟ್ಟು ತಿದ್ದಿ.

ಇಂತಿ,
ನಿಮ್ಮ ಓದುಗ