ರಾಜೇಶ್ವರಿ ಚಟರ್ಜಿಯವರ ಹೆಸರು ಪ್ರಯೋಗಾಲಯದ ಒಳಗೆ ಬರಲಿ: ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ಪಠ್ಯದಲ್ಲಿ ರಾಜೇಶ್ವರಿ ಚಟರ್ಜಿಯವರ ಕೆಲಸಕ್ಕೆ ಸ್ಥಾನ ಕೊಡುವ ಬಗ್ಗೆ.

ಮಾನ್ಯರೇ,

ಜಿಲ್ಲಾ ಕೇಂದ್ರವೊಂದರ ಮಹಿಳಾ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್ ವಿಭಾಗದ ಉಪನ್ಯಾಸಕಿಯಾಗಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿ ನಿವೃತ್ತಳಾದವಳು ನಾನು. ಆ ವರ್ಷಗಳಲ್ಲಿ ಹೆಚ್ಚಿನ ಮಧ್ಯಾಹ್ನಗಳನ್ನು ಕಳೆದದ್ದು ಮೈಕ್ರೋವೇವ್ ಪ್ರಯೋಗಾಲಯದಲ್ಲಿ, ಅಂದರೆ ಸೆಂಟಿಮೀಟರ್ ಅಳತೆಯ ರೇಡಿಯೋ ಅಲೆಗಳ ಪ್ರಯೋಗಾಲಯದಲ್ಲಿ. ತಾವು ಯಾವುದಾದರೂ ಪಾಲಿಟೆಕ್ನಿಕ್‌ಗೆ ಭೇಟಿ ಕೊಟ್ಟಾಗ ಆ ಕೋಣೆಯನ್ನು ನೋಡಿರಬಹುದು. ಉದ್ದನೆಯ ಮೇಜಿನ ಮೇಲೆ ಒಂದಕ್ಕೊಂದು ಸ್ಕ್ರೂ ಹಾಕಿ ಜೋಡಿಸಿದ ಆಯತಾಕಾರದ ಟೊಳ್ಳು ಲೋಹದ ನಳಿಗೆಗಳು, ಒಂದು ತುದಿಯಲ್ಲಿ ಆ ಅಲೆಗಳನ್ನು ಹುಟ್ಟಿಸುವ ಕ್ಲೈಸ್ಟ್ರಾನ್ ಎಂಬ ಕೊಳವೆ, ಅದನ್ನು ತಣ್ಣಗಿಡಲು ಒಂದು ಸಣ್ಣ ಫ್ಯಾನು, ನಡುವೆ ಸೀಳು ಬಿಟ್ಟ ಒಂದು ಭಾಗ, ಆ ಸೀಳಿನೊಳಗೆ ಇಳಿದ ಸೂಜಿಯಂಥ ಪ್ರೋಬ್. ಫ್ಯಾನ್ ಹಾಕದೆ ಕ್ಲೈಸ್ಟ್ರಾನ್ ಹಚ್ಚಬಾರದು, ರಿಪೆಲ್ಲರ್ ವೋಲ್ಟೇಜನ್ನು ಪೂರ್ತಿ ಏರಿಸಿಟ್ಟ ಮೇಲೆಯೇ ಬೀಮ್ ವೋಲ್ಟೇಜ್ ಕೊಡಬೇಕು, ತೆರೆದ ನಳಿಗೆಯ ಬಾಯಿಗೆ ಕಣ್ಣಿಟ್ಟು ನೋಡಬಾರದು ಎಂಬ ಮೂರು ಮಾತುಗಳನ್ನು ನಾನು ಎಷ್ಟು ಸಾವಿರ ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಹುಡುಗಿಯರು ಉಸಿರು ಬಿಗಿಹಿಡಿದು ಆ ಪ್ರೋಬನ್ನು ಮಿಲಿಮೀಟರ್ ಮಿಲಿಮೀಟರಾಗಿ ಸರಿಸುತ್ತಾರೆ. ಮೀಟರಿನ ಮುಳ್ಳು ಇಳಿಯುತ್ತದೆ, ಮತ್ತೆ ಏರುತ್ತದೆ, ಸುಮಾರು ಎರಡು ಸೆಂಟಿಮೀಟರ್ ಸರಿದ ಮೇಲೆ ಮತ್ತೆ ಇಳಿಯುತ್ತದೆ. ಆ ಎರಡು ಇಳಿತಗಳ ನಡುವಿನ ದೂರವೇ ನಳಿಗೆಯೊಳಗಿನ ಅಲೆಯ ಅರ್ಧ ಉದ್ದ. ಕಣ್ಣಿಗೆ ಕಾಣದ ಅಲೆಯೊಂದನ್ನು ತಾನೇ ಸ್ಕೇಲು ಹಿಡಿದು ಅಳೆದೆ ಎಂಬುದು ಗೊತ್ತಾದಾಗ ಹದಿನೆಂಟರ ಹುಡುಗಿಯ ಮುಖದಲ್ಲಿ ಮೂಡುವ ಬೆಳಕನ್ನು ನಾನು ಪ್ರತಿ ವರ್ಷವೂ ನೋಡಿದ್ದೇನೆ. ಆದರೆ ನಮ್ಮ ನಾಡಿನಲ್ಲಿ ಈ ವಿದ್ಯೆಗೆ ಬುನಾದಿ ಹಾಕಿದವರಲ್ಲಿ ಒಬ್ಬರು ರಾಜೇಶ್ವರಿ ಚಟರ್ಜಿ ಎಂಬ ಕನ್ನಡದ ಹೆಣ್ಣುಮಗಳು ಎಂಬುದನ್ನು ಆ ಹುಡುಗಿಯರಿಗೆ ನಾನು ಹೇಳಿಕೊಡಲಿಲ್ಲ, ಏಕೆಂದರೆ ಬಹುಕಾಲ ನನಗೇ ಅದು ತಿಳಿದಿರಲಿಲ್ಲ. ನನಗೆ ಪಾಠ ಹೇಳಿದವರೂ ಹೇಳಿರಲಿಲ್ಲ, ಪಠ್ಯಪುಸ್ತಕವೂ ಹೇಳಿರಲಿಲ್ಲ. ಈ ಪತ್ರ ಬರೆಯಲು ಅದೇ ಕಾರಣ.

ರಾಜೇಶ್ವರಿ ಹುಟ್ಟಿದ್ದು 1922ರ ಜನವರಿ 24ರಂದು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಹಳೆಯ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರಾಗಿದ್ದು, ವಿಧವೆಯರ ಮತ್ತು ಗಂಡ ಬಿಟ್ಟ ಹೆಣ್ಣುಮಕ್ಕಳ ಓದಿಗಾಗಿ ಬಹಳ ದುಡಿದವರು. ಮೊಮ್ಮಗಳ ಆರಂಭದ ಓದು ನಡೆದದ್ದು ಆ ಅಜ್ಜಿ ಕಟ್ಟಿದ ಶಾಲೆಯಲ್ಲಿಯೇ. ಅಲ್ಲಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದು ಗಣಿತದಲ್ಲಿ ಬಿ.ಎಸ್ಸಿ. ಆನರ್ಸ್ ಮತ್ತು ಎಂ.ಎಸ್ಸಿ. ಮಾಡಿದ ರಾಜೇಶ್ವರಿಯವರು ಎರಡರಲ್ಲೂ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಮೊದಲಿಗರಾದರು. 1943ರಲ್ಲಿ, ಅಂದಿನ ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗದಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾದರು. ಹುಡುಗಿಯರು ಮೆಟ್ರಿಕ್ ದಾಟುವುದೇ ದೊಡ್ಡ ಸಂಗತಿಯಾಗಿದ್ದ ದಿನಗಳವು.

ಅದು ಎರಡನೇ ಮಹಾಯುದ್ಧದ ಕಾಲ. ರೇಡಾರ್‌ಗಾಗಿ ಸೆಂಟಿಮೀಟರ್ ಅಳತೆಯ ರೇಡಿಯೋ ಅಲೆಗಳನ್ನು ಹುಟ್ಟಿಸುವ, ಸಾಗಿಸುವ, ಅಳೆಯುವ ವಿದ್ಯೆ ಪಶ್ಚಿಮದ ದೇಶಗಳಲ್ಲಿ ಕೆಲವೇ ವರ್ಷಗಳಲ್ಲಿ ಬೆಳೆದು ನಿಂತಿತ್ತು. ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಆನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದ ರಾಜೇಶ್ವರಿಯವರು ಆ ಹೊಸ ವಿದ್ಯೆಯನ್ನು ಬುಡದಿಂದ ಕಲಿತರು. ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ವಾಷಿಂಗ್ಟನ್‌ನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಎಂಟು ತಿಂಗಳು ರೇಡಿಯೋ ಆವರ್ತನಗಳ ಅಳತೆಯ ತರಬೇತಿ ಪಡೆದು, ಮತ್ತೆ ಮಿಷಿಗನ್‌ಗೆ ಮರಳಿ ವಿಲಿಯಂ ಡೌ ಅವರ ಮಾರ್ಗದರ್ಶನದಲ್ಲಿ 1953ರಲ್ಲಿ ಪಿಎಚ್.ಡಿ. ಮುಗಿಸಿದರು. ಆ ಎಂಟು ತಿಂಗಳ ತರಬೇತಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಮೈಕ್ರೋವೇವ್ ವಿದ್ಯೆಯಲ್ಲಿ ಸಿದ್ಧಾಂತವನ್ನು ಪುಸ್ತಕದಿಂದ ಕಲಿಯಬಹುದು, ಅಳತೆಯನ್ನು ಮಾತ್ರ ಮೇಜಿನ ಮುಂದೆ ನಿಂತೇ ಕಲಿಯಬೇಕು. ನಳಿಗೆಯ ಜೋಡಣೆಯಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಅಲೆ ಅಲ್ಲಿಂದ ಹಿಂದಕ್ಕೆ ಚಿಮ್ಮಿ ಲೆಕ್ಕವೆಲ್ಲ ಕೆಡುತ್ತದೆ.

ಆ ವಿದ್ಯೆಯನ್ನು ಹೊತ್ತು ಅವರು ಬೆಂಗಳೂರಿಗೆ ಮರಳಿದರು. ವಿಜ್ಞಾನ ಸಂಸ್ಥೆಯ ಎಲೆಕ್ಟ್ರಿಕಲ್ ಕಮ್ಯುನಿಕೇಷನ್ ಎಂಜಿನಿಯರಿಂಗ್ ವಿಭಾಗದಲ್ಲಿ ಅಧ್ಯಾಪಕಿಯಾಗಿ ಸೇರಿ, ಅದೇ ವಿಭಾಗದ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ಗಂಡ ಹೆಂಡತಿ ಇಬ್ಬರೂ ಸೇರಿ ಅಲ್ಲಿ ಮೈಕ್ರೋವೇವ್ ಸಂಶೋಧನೆಗೆ ಪ್ರಯೋಗಾಲಯ ಕಟ್ಟಿದರು. ಭಾರತದಲ್ಲಿ ಈ ಕ್ಷೇತ್ರದ ಆರಂಭದ ಪ್ರಯೋಗಾಲಯಗಳಲ್ಲಿ ಅದು ಒಂದು. ವಿಮಾನಗಳಿಗೆ, ಅಂತರಿಕ್ಷ ನೌಕೆಗಳಿಗೆ ಬೇಕಾಗುವ ವಿಶೇಷ ಬಗೆಯ ಆಂಟೆನಾಗಳ ಮೇಲೆ ರಾಜೇಶ್ವರಿಯವರ ಸಂಶೋಧನೆ ಮುಖ್ಯವಾಗಿ ನಡೆಯಿತು. ಲೋಹದ ತಟ್ಟೆಯಾಗಲಿ ತಂತಿಯಾಗಲಿ ಇಲ್ಲದೆ, ವಿದ್ಯುತ್ ಹರಿಯಗೊಡದ ವಸ್ತುವಿನ ಒಂದು ದಂಡದ ಮೈಗೆ ಅಂಟಿಕೊಂಡು ಸಾಗುವ ಅಲೆಯನ್ನು ಬೇಕಾದ ದಿಕ್ಕಿಗೆ ಬಿಡುಗಡೆ ಮಾಡುವ ಡೈಎಲೆಕ್ಟ್ರಿಕ್ ಆಂಟೆನಾಗಳ ಬಗ್ಗೆ ಅವರು ಮಾಡಿದ ಕೆಲಸ ಪುಸ್ತಕವಾಗಿಯೂ ಬಂದಿದೆ. ನೂರಕ್ಕೂ ಹೆಚ್ಚು ಸಂಶೋಧನಾ ಲೇಖನಗಳು, ಏಳು ಪುಸ್ತಕಗಳು, ಅವರ ಕೈಕೆಳಗೆ ಪಿಎಚ್.ಡಿ. ಮುಗಿಸಿದ ಇಪ್ಪತ್ತು ವಿದ್ಯಾರ್ಥಿಗಳು. ಕೊನೆಗೆ ಅದೇ ವಿಭಾಗದ ಮುಖ್ಯಸ್ಥರಾಗಿ 1982ರಲ್ಲಿ ನಿವೃತ್ತರಾದರು. 2010ರ ಸೆಪ್ಟೆಂಬರ್ 3ರಂದು, 88ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಅವರನ್ನು ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಗುರುತಿಸಿದ್ದು 2017ರಲ್ಲಿ. ನಾನು ಅವರ ಬಗ್ಗೆ ಪೂರ್ತಿಯಾಗಿ ತಿಳಿದುಕೊಂಡದ್ದೂ ಆಗಲೇ.

ಇಲ್ಲಿ ಒಂದು ಮಾತನ್ನು ಮನಸ್ಸಿನ ಭಾರ ಇಳಿಸಿಕೊಳ್ಳಲಿಕ್ಕಾಗಿ ಹೇಳಬೇಕು. ಆಂಟೆನಾ ವಿಷಯದ ಟಿಪ್ಪಣಿ ತಯಾರಿಸುವಾಗ ಅವರ ಪುಸ್ತಕ ನನ್ನ ಕೈಗೆ ಬಂದಿತ್ತು. ಮುಖಪುಟದ ಮೇಲಿನ ಚಟರ್ಜಿ ಎಂಬ ಹೆಸರನ್ನು ನೋಡಿ, ಬಂಗಾಳದ ಯಾರೋ ಪ್ರಾಧ್ಯಾಪಕರು ಎಂದುಕೊಂಡು ಪುಟ ತಿರುವಿದ್ದೆ. ನನ್ನಂತೆಯೇ ಎಷ್ಟೋ ಜನ ಅಧ್ಯಾಪಕರು ಎಂದುಕೊಂಡಿರಬಹುದು. ಮದುವೆಯಿಂದ ಬಂದ ಮನೆತನದ ಹೆಸರೊಂದು, ಸೆಂಟ್ರಲ್ ಕಾಲೇಜಿನಲ್ಲಿ ಓದಿದ, ಬೆಂಗಳೂರಿನಲ್ಲೇ ಸುಮಾರು ಮೂವತ್ತು ವರ್ಷ ಪಾಠ ಹೇಳಿದ ಹೆಣ್ಣುಮಗಳನ್ನು ಅವರದೇ ನಾಡಿನವರ ಕಣ್ಣಿಂದ ಇಷ್ಟು ಕಾಲ ಮರೆಮಾಡಿತು. ಈ ತಪ್ಪು ಓದುಗರದೊಂದೇ ಅಲ್ಲ, ಅವರ ಪರಿಚಯವನ್ನು ನಮಗೆ ಮಾಡಿಕೊಡಬೇಕಾಗಿದ್ದ ಪಠ್ಯಕ್ರಮದ್ದೂ ಹೌದು.

ಮಹಿಳಾ ಎಂಜಿನಿಯರ್‌ಗಳ ಹೆಸರು ನಮ್ಮ ಕಾಲೇಜುಗಳಲ್ಲಿ ಕೇಳಿಬರುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಮಾರ್ಚ್ 8ರಂದು ವೇದಿಕೆಯ ಮೇಲೆ ಕೇಳಿಬರುತ್ತದೆ. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಓದಿ, ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂಬ ಜಾಹೀರಾತನ್ನು ಕಂಡು ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್‌ಕಾರ್ಡ್ ಬರೆದು ಟೆಲ್ಕೋ ಸೇರಿದ ಸುಧಾ ಮೂರ್ತಿಯವರ ಪ್ರಸಂಗ ನಮ್ಮ ಎಲ್ಲ ಹುಡುಗಿಯರಿಗೂ ಗೊತ್ತು, ಗೊತ್ತಿರುವುದು ಒಳ್ಳೆಯದೇ. ಆ ಪ್ರಸಂಗ ಬಾಗಿಲು ತೆರೆದದ್ದನ್ನು ಹೇಳುತ್ತದೆ. ಬಾಗಿಲ ಒಳಗೆ ಹೋದ ಮೇಲೆ ಒಬ್ಬ ಹೆಣ್ಣುಮಗಳು ದಶಕಗಟ್ಟಲೆ ಮೇಜಿನ ಮುಂದೆ ನಿಂತು ಏನು ಮಾಡಿದಳು, ಯಾವ ಸಮಸ್ಯೆಯನ್ನು ಬಿಡಿಸಿದಳು, ಅವಳ ಲೆಕ್ಕ ಇಂದಿಗೂ ಎಲ್ಲಿ ಬಳಕೆಯಲ್ಲಿದೆ ಎಂಬುದನ್ನು ವೇದಿಕೆಯ ಭಾಷಣದಲ್ಲಿ ಹೇಳಲಾಗುವುದಿಲ್ಲ. ಅದನ್ನು ಕರಿಹಲಗೆಯ ಮುಂದೆ, ಆ ವಿಷಯದ ಪಾಠ ನಡೆಯುವಾಗಲೇ ಹೇಳಬೇಕು. ವರ್ಷಕ್ಕೊಮ್ಮೆ ಹೂಹಾರದ ಜೊತೆ ಬರುವ ಹೆಸರನ್ನು ಹುಡುಗಿಯರು ಗೌರವಿಸಿ ಮರೆಯುತ್ತಾರೆ, ರೆಕಾರ್ಡ್ ಬುಕ್ಕಿನಲ್ಲಿ ತಾವೇ ಬರೆದ ಹೆಸರನ್ನು ಮರೆಯುವುದಿಲ್ಲ.

ಪಕ್ಕದ ಚೆನ್ನೈನಲ್ಲಿ ಅದೇ ಕಾಲದಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ನೆನೆಯದೆ ಇರಲಾರೆ. ಹದಿನೆಂಟನೆಯ ವಯಸ್ಸಿಗೇ, ಕೆಲವೇ ತಿಂಗಳ ಹೆಣ್ಣುಮಗುವನ್ನು ಮಡಿಲಲ್ಲಿಟ್ಟುಕೊಂಡು ವಿಧವೆಯಾದ ಎ. ಲಲಿತಾ ಅವರು ಗಿಂಡಿಯ ಎಂಜಿನಿಯರಿಂಗ್ ಕಾಲೇಜು ಸೇರಿ ಎಲೆಕ್ಟ್ರಿಕಲ್ ಎಂಜಿನಿಯರ್ ಆದರು. ಮುಂದೆ ಕಲ್ಕತ್ತೆಯ ಕಂಪನಿಯೊಂದರಲ್ಲಿದ್ದು ಭಾಕ್ರಾ ನಂಗಲ್ ಅಣೆಕಟ್ಟಿನ ಜನರೇಟರುಗಳ ಕೆಲಸದಲ್ಲೂ ತೊಡಗಿದರು. ಅವರ ಬೆನ್ನಿಗೇ ಅದೇ ಕಾಲೇಜಿನಲ್ಲಿ ಸಿವಿಲ್ ಓದಿದ ಪಿ.ಕೆ. ತ್ರೇಸ್ಯಾ ಅವರು 1971ರಲ್ಲಿ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಎಂಜಿನಿಯರ್ ಆದರು. ಅವರಿಗೆಲ್ಲ ಪದವಿ ಪತ್ರ ಕೊಡುವಾಗ ಅದರಲ್ಲಿ ಮೊದಲೇ ಅಚ್ಚಾಗಿದ್ದ 'ಹಿ' ಎಂಬ ಇಂಗ್ಲಿಷ್ ಪದವನ್ನು ಹೊಡೆದುಹಾಕಿ 'ಶಿ' ಎಂದು ಕೈಯಲ್ಲಿ ಬರೆದುಕೊಡಲಾಯಿತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಚೇರಿಯೊಂದರಿಂದ ಬಂದ ಆದೇಶದ ಮೇಲೂ 'ಶ್ರೀ' ಎಂದು ಅಚ್ಚಾಗಿತ್ತು, ಅದರ ಮುಂದೆ 'ಮತಿ' ಎಂದು ನೀಲಿ ಶಾಯಿಯಲ್ಲಿ ಸೇರಿಸಲಾಗಿತ್ತು. ಆ ಕಾಗದವನ್ನು ಇನ್ನೂ ಇಟ್ಟುಕೊಂಡಿದ್ದೇನೆ. ನಮಗೆ ಜಾಗ ಸಿಕ್ಕಿತು ನಿಜ, ಆದರೆ ಅದು ಸಿಕ್ಕಿದ್ದು ಮೊದಲೇ ಅಚ್ಚಾದ ಹಾಳೆಯ ಅಂಚಿನಲ್ಲಿ. ಪಠ್ಯಪುಸ್ತಕದ ವಿಷಯದಲ್ಲಿ ಇಂದಿಗೂ ಹಾಗೆಯೇ ಇದೆ.

ರಾಜೇಶ್ವರಿಯವರು ನಿವೃತ್ತರಾದ 1982ರಲ್ಲಿಯೇ, ವಿಶ್ವೇಶ್ವರಯ್ಯನವರು 1917ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ಟಿ.ಕೆ. ಅನುರಾಧಾ ಅವರು ಇಸ್ರೋ ಸೇರಿದರು. 2011ರ ಜುಲೈ 15ರಂದು ಉಡಾವಣೆಯಾದ ಜಿಸ್ಯಾಟ್-12 ಸಂಪರ್ಕ ಉಪಗ್ರಹದ ಯೋಜನಾ ನಿರ್ದೇಶಕಿ ಅವರು. ಭೂಮಿಯಿಂದ ಬಂದ ಸಂಕೇತಗಳನ್ನು ಪಡೆದು ಮರಳಿ ಕಳಿಸುವ ಹನ್ನೆರಡು ಟ್ರಾನ್ಸ್‌ಪಾಂಡರುಗಳಿದ್ದ ಆ ಉಪಗ್ರಹವನ್ನು ಅದರ ಕಕ್ಷೆಗೆ ಏರಿಸುವ ಕೆಲಸ ನಮ್ಮ ಹಾಸನದ ನಿಯಂತ್ರಣ ಕೇಂದ್ರದಿಂದ ನಡೆಯಿತು. ಉಪಗ್ರಹ ಮತ್ತು ಭೂಮಿಯ ನಡುವಿನ ಮಾತುಕತೆಯೆಲ್ಲ ಮೈಕ್ರೋವೇವ್ ಅಲೆಗಳಲ್ಲೇ ನಡೆಯುತ್ತದೆ. ಸೀಳು ನಳಿಗೆಯಲ್ಲಿ ಪ್ರೋಬ್ ಸರಿಸುವ ಹುಡುಗಿಗೆ ಈ ದಾರಿಯನ್ನು ಒಮ್ಮೆ ತೋರಿಸಿದರೆ ಸಾಕು, ತನ್ನ ಕೈಯಲ್ಲಿರುವ ಪ್ರಯೋಗ ಪರೀಕ್ಷೆಯ ಅಂಕಕ್ಕಷ್ಟೇ ಸಂಬಂಧಿಸಿದ್ದಲ್ಲ ಎಂಬುದು ಅವಳಿಗೆ ತಾನಾಗಿಯೇ ತಿಳಿಯುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಹೀಗಿದೆ. ಡಿಪ್ಲೊಮಾ ಮತ್ತು ಬಿ.ಇ. ಹಂತದ ಮೈಕ್ರೋವೇವ್ ಹಾಗೂ ಆಂಟೆನಾ ವಿಷಯಗಳ ಮೊದಲ ಘಟಕದಲ್ಲಿ ಈ ವಿದ್ಯೆ ಭಾರತದಲ್ಲಿ ಬೆಳೆದ ಬಗೆಗೆ ಒಂದು ತರಗತಿಯಷ್ಟು ಪಾಠವಿರಲಿ. 1890ರ ದಶಕದಲ್ಲಿ ಕಲ್ಕತ್ತೆಯಲ್ಲಿ ಜಗದೀಶ್ ಚಂದ್ರ ಬೋಸರು ಮಿಲಿಮೀಟರ್ ಅಲೆಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಅದು ಆರಂಭವಾಗಿ, ಬೆಂಗಳೂರಿನಲ್ಲಿ ರಾಜೇಶ್ವರಿ ದಂಪತಿ ಕಟ್ಟಿದ ಪ್ರಯೋಗಾಲಯದ ಮೂಲಕ ಹಾಸನಕ್ಕೆ ಬಂದು ನಿಲ್ಲಲಿ. ಬೋಸರ ಹೆಸರಿನ ಸ್ಮಾರಕ ಬಹುಮಾನವೊಂದು ರಾಜೇಶ್ವರಿಯವರ ಸಂಶೋಧನಾ ಲೇಖನಕ್ಕೆ ಸಂದಿದೆಯಾದ್ದರಿಂದ ಆ ಎರಡು ಹೆಸರುಗಳನ್ನು ಜೊತೆಗಿಟ್ಟು ಹೇಳುವುದು ಸಹಜವೇ ಆಗಿದೆ. ಪರೀಕ್ಷೆಗೆ ಬಾರದ ಪಾಠವನ್ನು ಮಕ್ಕಳೂ ಓದುವುದಿಲ್ಲ, ಅಧ್ಯಾಪಕರೂ ಮಾಡುವುದಿಲ್ಲ ಎಂಬುದು ನನ್ನ ಅನುಭವವಾದ್ದರಿಂದ ಅದಕ್ಕೆ ಪ್ರಶ್ನೆಪತ್ರಿಕೆಯಲ್ಲೂ ಜಾಗವಿರಬೇಕು. ಪ್ರಯೋಗಾಲಯದ ಕೈಪಿಡಿಯ ಆರಂಭದಲ್ಲಿ ಎರಡು ಪುಟಗಳ ಪರಿಚಯ ಕನ್ನಡದಲ್ಲಿರಲಿ. ಸರ್ಕಾರಿ ಮಹಿಳಾ ಪಾಲಿಟೆಕ್ನಿಕ್‌ಗಳ ಕಮ್ಯುನಿಕೇಷನ್ ಪ್ರಯೋಗಾಲಯಗಳಿಗೆ ರಾಜೇಶ್ವರಿಯವರ ಹೆಸರಿಡಲು ಒಂದು ಸುತ್ತೋಲೆ ಸಾಕು.

ಇವೆಲ್ಲಕ್ಕಿಂತ ತುರ್ತಾದ ಇನ್ನೊಂದು ಕೆಲಸವಿದೆ. ಐವತ್ತು ಅರವತ್ತರ ದಶಕಗಳಲ್ಲಿ ಅವರ ಬಳಿ ಕಲಿತವರಿಗೆ ಈಗ ಬಹಳ ವಯಸ್ಸಾಗಿದೆ. ಆ ಪ್ರಯೋಗಾಲಯಕ್ಕೆ ಉಪಕರಣಗಳನ್ನು ಹೇಗೆ ಹೊಂದಿಸಿಕೊಂಡರು, ಸಿಗದ ಬಿಡಿಭಾಗಗಳನ್ನು ಯಾರ ಕೈಯಲ್ಲಿ ಮಾಡಿಸಿದರು, ಗಂಡಸರೇ ತುಂಬಿದ್ದ ತರಗತಿಗಳಲ್ಲಿ ಅವರು ಹೇಗೆ ಪಾಠ ಮಾಡುತ್ತಿದ್ದರು ಎಂಬುದನ್ನು ಕಣ್ಣಾರೆ ಕಂಡವರು ಹೇಳಬಲ್ಲ ದಿನಗಳು ಹೆಚ್ಚು ಉಳಿದಿಲ್ಲ. ಕರ್ನಾಟಕ ವಿಜ್ಞಾನ ಮತ್ತು ತಂತ್ರಜ್ಞಾನ ಅಕಾಡೆಮಿಯ ನೆರವಿನಿಂದ ಅವರ ಮಾತುಗಳನ್ನು ಧ್ವನಿಮುದ್ರಿಸಿ, ಕನ್ನಡದಲ್ಲಿ ಪುಸ್ತಕವಾಗಿ ತರಲು ತಾವು ಮುತುವರ್ಜಿ ವಹಿಸಬೇಕು. ನಾನು ದುಡಿದ ಸಂಸ್ಥೆಯ ಗ್ರಂಥಾಲಯದಲ್ಲಿ ಪುರುಷ ವಿಜ್ಞಾನಿಗಳ, ಎಂಜಿನಿಯರ್‌ಗಳ ಜೀವನಚರಿತ್ರೆಗಳಿಗೆ ಒಂದು ಪೂರ್ತಿ ಕಪಾಟಿತ್ತು, ಅದರಲ್ಲಿ ಮಹಿಳಾ ಎಂಜಿನಿಯರ್ ಒಬ್ಬರದೂ ಇರಲಿಲ್ಲ.

ಸೆಪ್ಟೆಂಬರ್ 15ರಂದು ನಾವು ವಿಶ್ವೇಶ್ವರಯ್ಯನವರ ಹುಟ್ಟುಹಬ್ಬವನ್ನು ಎಂಜಿನಿಯರುಗಳ ದಿನವಾಗಿ ಆಚರಿಸುತ್ತೇವೆ. ಅದಕ್ಕೆ ಹನ್ನೆರಡು ದಿನ ಮೊದಲು, 3ರಂದು, ರಾಜೇಶ್ವರಿಯವರ ಪುಣ್ಯತಿಥಿ. ಆ ದಿನ ರಜೆಯೂ ಬೇಡ, ಸಮಾರಂಭವೂ ಬೇಡ. ಪ್ರತಿ ಪಾಲಿಟೆಕ್ನಿಕ್‌ನಲ್ಲಿ ಆ ಮಧ್ಯಾಹ್ನ ಮೈಕ್ರೋವೇವ್ ಪ್ರಯೋಗಾಲಯವನ್ನು ಬೇರೆ ಬ್ರಾಂಚಿನ ಹುಡುಗಿಯರಿಗೂ, ಹತ್ತಿರದ ಪ್ರೌಢಶಾಲೆಯ ಮಕ್ಕಳಿಗೂ ತೆರೆದಿಟ್ಟು, ಮೀಟರಿನ ಮುಳ್ಳು ಇಳಿದು ಏರುವುದನ್ನು ಅವರ ಕೈಯಿಂದಲೇ ಮಾಡಿ ನೋಡಿಸಿದರೆ ಸಾಕು.

ಕೈಪಿಡಿಗೆ ಬೇಕಾದ ಎರಡು ಪುಟಗಳ ಕನ್ನಡ ಕರಡನ್ನು ನಾನೇ ಬರೆದು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಪಠ್ಯಕ್ರಮ ಸಮಿತಿಯವರು ಅದನ್ನು ತಿದ್ದಬಹುದು, ಬೇರೆಯೇ ಬರೆಯಬಹುದು. ಮುಂದಿನ ಶೈಕ್ಷಣಿಕ ವರ್ಷದ ಕೈಪಿಡಿ ಅಚ್ಚಿಗೆ ಹೋಗುವ ಮುನ್ನ ಈ ಬಗ್ಗೆ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಹಿರಿಯ ಉಪನ್ಯಾಸಕಿ,
ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್ ವಿಭಾಗ

ಲಗತ್ತು: ಕೈಪಿಡಿಯ ಪರಿಚಯ ಪುಟಗಳ ಕರಡು, 2 ಹಾಳೆ.