ಲ್ಯಾಪ್ ಸ್ಟೀಲ್ ಗಿಟಾರ್‌ನ ಪಿಕಪ್ ರಿಪೇರಿ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ವಾದ್ಯ ರಿಪೇರಿ ವಿಭಾಗ,
ಬೆಂಗಳೂರು

ವಿಷಯ: ರಿಕನ್‌ಬ್ಯಾಕರ್ ಬಿ6 ಲ್ಯಾಪ್ ಸ್ಟೀಲ್. ಸಡಿಲವಾದ ಮ್ಯಾಗ್ನೆಟ್ ಬಿಗಿ ಮಾಡಲು ಕೊಟ್ಟದ್ದು, ಪಿಕಪ್ಪೇ ಕೆಟ್ಟು ವಾಪಸ್ ಬಂದದ್ದು.

ಮಾನ್ಯರೇ,

ಕಳೆದ ತಿಂಗಳು ನಿಮ್ಮಲ್ಲಿ ರಿಪೇರಿಗೆ ಬಿಟ್ಟಿದ್ದ ನನ್ನ ಲ್ಯಾಪ್ ಸ್ಟೀಲ್ (ತೊಡೆಯ ಮೇಲೆ ಮಲಗಿಸಿ, ಉಕ್ಕಿನ ಬಾರ್ ಜಾರಿಸಿ ನುಡಿಸುವ ಗಿಟಾರ್) ಕೈಗೆ ಬಂದಿದೆ. ಕೊಡುವಾಗ ಅದಕ್ಕೆ ಇದ್ದದ್ದು ಒಂದೇ ತೊಂದರೆ. ತಂತಿಗಳ ಕಂಪನವನ್ನು ಆಂಪ್‌ಗೆ ಕಳಿಸುವ ಪಿಕಪ್‌ನಲ್ಲಿ, ತೆಳು ತಂತಿಗಳ ಕಡೆಯ ಮ್ಯಾಗ್ನೆಟ್ ಅಲ್ಲಾಡುತ್ತಿತ್ತು. ಬಾರ್ ಮೇಲಕ್ಕೆ ಜಾರಿಸಿದಾಗ ಕಿರಕಿರ ಅನ್ನುತ್ತಿತ್ತು, ಅಂಗೈ ತಾಗಿದರೆ ಆಂಪ್‌ನಲ್ಲಿ ಧಡ್ ಅಂತ ಸದ್ದು ಬರುತ್ತಿತ್ತು. ಜಾಬ್ ಕಾರ್ಡ್‌ನಲ್ಲಿ ನಾನೇ ಬರೆದಿದ್ದೆ: "ಬಿಗಿ ಮಾಡಿದರೆ ಸಾಕು. ಮ್ಯಾಗ್ನೆಟ್ ಬಿಚ್ಚಬೇಡಿ. ಬಿಚ್ಚಲೇಬೇಕು ಅಂದರೆ ಮೊದಲು ಫೋನ್ ಮಾಡಿ." ಆ ಕಾರ್ಡ್‌ನ ಪ್ರತಿ ನನ್ನ ಹತ್ತಿರ ಇದೆ. ಫೋನ್ ಮಾತ್ರ ಬರಲಿಲ್ಲ.

ಈಗ ಕಿರಕಿರ ನಿಂತಿದೆ, ಒಪ್ಪಿಕೊಳ್ಳುತ್ತೇನೆ. ಆದರೆ ಮಧ್ಯದ ಎರಡು ತಂತಿಗಳು ಹೆಚ್ಚೂಕಡಿಮೆ ಮೂಕವಾಗಿವೆ. ನಾನು ನುಡಿಸುವ ಸಿ6 ಶ್ರುತಿಯಲ್ಲಿ (ಸಿ, ಇ, ಜಿ, ಎ ಸ್ವರಗಳದ್ದು) ಅವು ಜಿ ಮತ್ತು ಎ. ಆ ಎರಡು ಇಲ್ಲದೆ ಸಿ6 ಎಲ್ಲಿ ಉಳೀತು? ಅಂಚಿನ ತಂತಿಗಳಲ್ಲೂ ಮೊದಲಿನ ತುಂಬು ದನಿ ಇಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನ್ನ ಮಾಡಿದ ಹಾಗೆ ಆಗಿದೆ ನಿಮ್ಮ ಕೆಲಸ.

ಪಿಕಪ್ ಒಳಗಿನ ಸಣ್ಣ ತಂತಿಯ ಸುತ್ತು, ಅಂದರೆ ಕಾಯಿಲ್, ಹೋಗಿರಬಹುದು ಅಂತ ಮೊದಲು ಹೆದರಿದ್ದೆ. ಮೀಟರ್ ಇಟ್ಟು ನೋಡಿದೆ. ನಿಮಗೆ ಕೊಡುವ ಮೊದಲು ಅಳೆದಿಟ್ಟಿದ್ದ ಓಮ್ (ವಿದ್ಯುತ್ ರೋಧ) ಮತ್ತು ಈಗಿನದು ಒಂದೇ. ಹಾಗಾಗಿ ತಂತಿ ಸುತ್ತು ಬದುಕಿದೆ. ಆಮೇಲೆ ಒಂದು ದಿಕ್ಸೂಚಿ ತಂದು ಎರಡೂ ಮ್ಯಾಗ್ನೆಟ್‌ಗಳ ಮೇಲ್ಭಾಗಕ್ಕೆ ಹಿಡಿದೆ. ಒಂದು ಕಡೆ ಮುಳ್ಳಿನ ಕೆಂಪು ತುದಿ ಬಂತು, ಇನ್ನೊಂದು ಕಡೆ ಬಾಲ ಬಂತು. ಅಲ್ಲಿಗೆ ರೋಗ ಗೊತ್ತಾಯಿತು.

ದಯವಿಟ್ಟು ಮುಂದಿನದನ್ನು ನಿಮ್ಮ ಮೆಕ್ಯಾನಿಕ್‌ಗೂ ಓದಿಸಿ. ಇದು ಮಾಮೂಲಿ ಎಲೆಕ್ಟ್ರಿಕ್ ಗಿಟಾರ್‌ನ ಪಿಕಪ್ ಅಲ್ಲ. ಅದರಲ್ಲಿ ಮ್ಯಾಗ್ನೆಟ್ ತಂತಿಗಳ ಕೆಳಗೆ ಅಡಗಿರುತ್ತದೆ. ಇದರಲ್ಲಿ ಎರಡು ಲಾಳಾಕಾರದ ಮ್ಯಾಗ್ನೆಟ್‌ಗಳು ಅಡ್ಡ ಮಲಗಿವೆ. ಒಂದು ದಪ್ಪ ತಂತಿಗಳ ಕಡೆಯಿಂದ, ಇನ್ನೊಂದು ತೆಳು ತಂತಿಗಳ ಕಡೆಯಿಂದ ಬಾಯಿ ತೆರೆದು ಎದುರುಬದುರು ನಿಂತಿವೆ. ತಂತಿಗಳು ಅವುಗಳ ಹೊಟ್ಟೆಯೊಳಗಿಂದ ಹಾದು ಹೋಗುತ್ತವೆ. ತಂತಿಗಳ ಕೆಳಗೆ ಕಾಯಿಲ್, ಅದರ ನಡುವೆ ಆರು ಕಬ್ಬಿಣದ ಗೂಟಗಳು.

ಎರಡೂ ಮ್ಯಾಗ್ನೆಟ್‌ಗಳ ಮೇಲಿನ ತುದಿ ಒಂದೇ ಧ್ರುವ ಇರಬೇಕು, ಕೆಳಗಿನ ತುದಿ ಒಂದೇ ಧ್ರುವ ಇರಬೇಕು. ಹಾಗಿದ್ದರೆ ಕಾಂತಕ್ಷೇತ್ರ ಮೇಲಿಂದ ಕೆಳಕ್ಕೆ ಆರೂ ತಂತಿಗಳನ್ನು ಹಾದು ಹೋಗುತ್ತದೆ. ಒಂದೇ ಧ್ರುವ ಎದುರುಬದುರು ಇದ್ದರೆ ಅವು ಒಂದನ್ನೊಂದು ತಳ್ಳುತ್ತವೆ, ಅಲ್ವಾ? ತಳ್ಳಲೇಬೇಕು. ಸ್ಕ್ರೂ ಸಡಿಲವಾದ ಕೂಡಲೇ ಮ್ಯಾಗ್ನೆಟ್ ಕದಲುವುದಕ್ಕೆ ಆ ತಳ್ಳಾಟವೂ ಒಂದು ಕಾರಣ.

ನಿಮ್ಮ ಬಿಲ್‌ನಲ್ಲಿ "ಮ್ಯಾಗ್ನೆಟ್ ರೀಚಾರ್ಜ್, ಉಚಿತ" ಅಂತ ಇದೆ, ಅಂದರೆ ಕಾಂತಬಲವನ್ನು ಮತ್ತೆ ತುಂಬಿದ್ದು. ಯಾರು ಕೇಳಿದ್ದರು? ತೆಳು ತಂತಿಗಳ ಕಡೆಯ ಮ್ಯಾಗ್ನೆಟ್ ಬಿಚ್ಚಿ, ಧ್ರುವ ಗುರುತು ಹಾಕಿಕೊಳ್ಳದೆ, ಉಲ್ಟಾ ಚಾರ್ಜ್ ಮಾಡಿದ್ದೀರಿ. ಈಗ ಅವೆರಡೂ ಒಂದನ್ನೊಂದು ಎಳೆದುಕೊಂಡು ನಿಂತಿವೆ. ಕ್ಷೇತ್ರ ಒಂದು ಮ್ಯಾಗ್ನೆಟ್‌ನಿಂದ ಇನ್ನೊಂದಕ್ಕೆ ನೇರವಾಗಿ ಹೋಗಿಬಿಡುತ್ತದೆ. ತಂತಿಯನ್ನು ಮೇಲಿಂದ ಕೆಳಕ್ಕೆ ಹಾಯುವುದು ಕಡಿಮೆ. ಎರಡರ ನಟ್ಟನಡುವೆ ಅದು ಸೊನ್ನೆಗೆ ಇಳಿಯುತ್ತದೆ, ಅದಕ್ಕೇ ಮಧ್ಯದ ತಂತಿಗಳು ಸತ್ತಿವೆ. ನಿಮ್ಮ ಹುಡುಗ ಫೋನಿನಲ್ಲಿ "ಈಗ ಎರಡೂ ಚೆನ್ನಾಗಿ ಕಚ್ಕೊಂಡಿದೆ ಮೇಡಂ" ಅಂತ ಖುಷಿಯಿಂದ ಹೇಳಿದ. ಕಚ್ಚಿಕೊಂಡದ್ದೇ ತಪ್ಪು.

ಇದು ಸಾಲದು ಅಂತ ಮ್ಯಾಗ್ನೆಟ್‌ನ ಬುಡಕ್ಕೆ ಸೂಪರ್ ಗ್ಲೂ ಸುರಿದಿದ್ದೀರಿ. ವಾದ್ಯದ ಮೈ ಬೇಕಲೈಟ್. ಬಿಸಿಗೆ ಕರಗುವ ಪ್ಲಾಸ್ಟಿಕ್ ಅಲ್ಲ ಅದು, ಆದರೆ ಪೆಡಸು. ಅಂಟಿದ್ದನ್ನು ಮೀಟಿ ತೆಗೆಯಲು ಹೋದರೆ ಚಕ್ಕೆ ಏಳುತ್ತದೆ, ಬಿರುಕು ಬಿಡುತ್ತದೆ. ಸ್ಕ್ರೂ ಸಡಿಲವಾದರೆ ಸ್ಕ್ರೂ ಬಿಗಿ ಮಾಡಬೇಕು. ಹಿಡಿತ ಸಾಲದಿದ್ದರೆ ಒಂದು ವಾಷರ್ ಹಾಕಬೇಕು. ಮುಂದೆ ಯಾರಾದರೂ ಬಿಚ್ಚುವಂತೆ ಇರಬೇಕು. ರಿಪೇರಿ ಅಂದರೆ ಅಷ್ಟೇ ತಾನೇ.

ಹಳೇ ಸ್ಕ್ರೂ ಕೂಡ ಕಾಣೆ. ಅಮೆರಿಕದ ಆ ಕಾಲದ ವಾದ್ಯಗಳಲ್ಲಿ ಇರುವುದು ಇಂಚಿನ ಲೆಕ್ಕದ ಥ್ರೆಡ್ (ಸ್ಕ್ರೂ ಮೈಯ ಸುತ್ತುಗೆರೆ). ನೀವು ಹಾಕಿರುವುದು ಮಿಲಿಮೀಟರ್ ಲೆಕ್ಕದ್ದು, ಅರ್ಧಕ್ಕೇ ಸಿಕ್ಕಿಕೊಂಡಿದೆ. ಅದು ಪೂರ್ತಿ ಕೂರದಿದ್ದಕ್ಕೇ ಗ್ಲೂ ಬಂತು ಅನ್ನುವುದು ನನ್ನ ಊಹೆ.

ಬಿಲ್‌ನಲ್ಲಿ "ವ್ಯಾಕ್ಸ್ ಪಾಟಿಂಗ್" ಅಂತ ಇನ್ನೊಂದು ಸಾಲು. ಸಡಿಲವಾದ ಸುತ್ತುಗಳು ಕಂಪಿಸಿ ಆಂಪ್ ಕಿರುಚಿದರೆ ಕಾಯಿಲ್‌ಗೆ ಮೇಣ ಕುಡಿಸುತ್ತಾರೆ, ಗೊತ್ತು. ಪ್ಯಾರಾಫಿನ್‌ಗೆ ಸ್ವಲ್ಪ ಜೇನುಮೇಣ ಸೇರಿಸಿ, ಸುಮಾರು 65 ಡಿಗ್ರಿಯಲ್ಲಿ ನಿಧಾನಕ್ಕೆ. ನನ್ನದು ಕಿರುಚುತ್ತಿರಲಿಲ್ಲ. ಕೇಳದ ಕೆಲಸಕ್ಕೆ ದುಡ್ಡು ಯಾಕೆ ಕೊಡಬೇಕು?

ನಾನು ಫೋನ್ ಮಾಡಿದಾಗ ನಿಮ್ಮ ಕಡೆಯಿಂದ ಬಂದ ಉತ್ತರ: "ಹಳೇ ಮಾಲು ಮೇಡಂ, ಇಷ್ಟೇ ಬರೋದು." ಇದಕ್ಕೆ ಜಾಸ್ತಿ ಸಿಟ್ಟು ಬಂತು. ಈ ಲಾಳದ ಪಿಕಪ್ ಜಾರ್ಜ್ ಬೊಶಾಂಪ್ ಅವರದ್ದು. ಲಾಸ್ ಏಂಜಲೀಸ್‌ನಲ್ಲಿ ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆ ಸೇರಿ 1932ರಲ್ಲಿ "ಫ್ರೈಯಿಂಗ್ ಪ್ಯಾನ್" ಗಿಟಾರ್ ಮಾರಾಟಕ್ಕೆ ತಂದರು. ಪೇಟೆಂಟ್ ಸಿಕ್ಕಿದ್ದು 1937ರ ಆಗಸ್ಟ್‌ನಲ್ಲಿ. ಬೇಕಲೈಟ್ ಮೈಯ ಮಾದರಿ 1935ರಲ್ಲಿ ಬಂತು. ನನ್ನದು ಎರಡನೇ ಮಹಾಯುದ್ಧದ ನಂತರದ್ದು, ಒಂದೂಕಾಲು ಇಂಚಿನ ಮ್ಯಾಗ್ನೆಟ್‌ನದ್ದು. ಹವಾಯಿಯನ್ ಗಿಟಾರ್ ಮನೆಮನೆಯಲ್ಲಿ ಕಲಿಯುತ್ತಿದ್ದ ಕೋಲ್ಕತ್ತಾದಿಂದ ಕೊಂಡು ತಂದದ್ದು. ನಿಮ್ಮ ಬಾಗಿಲಿಗೆ ಬರುವವರೆಗೂ ಇದರ ಆರೂ ತಂತಿ ನುಡಿಯುತ್ತಿದ್ದವು. ವಯಸ್ಸಿನ ಮೇಲೆ ಹಾಕಬೇಡಿ.

ನನಗೆ ಬೇಕಾದದ್ದು ಇಷ್ಟು. ಗ್ಲೂ ತೆಗೆಯುವ ಕೆಲಸ ನಿಮ್ಮ ಹುಡುಗನ ಕೈಗೆ ಬೇಡ, ಅನುಭವ ಇರುವವರು ಮಾಡಲಿ. ಅಸಿಟೋನ್ ಬಳಸಿದರೆ ಒಂದು ಹನಿಯೂ ಕಾಯಿಲ್ ಕಡೆ ಹೋಗಬಾರದು, ಅದರ ಇನಾಮಲ್ ಲೇಪ ಎದ್ದರೆ ಮುಗೀತು. ಬಿಚ್ಚಿದ ಮ್ಯಾಗ್ನೆಟ್‌ನ ಬಾಯಿಗೆ ಕೂಡಲೇ ಒಂದು ಕಬ್ಬಿಣದ ಪಟ್ಟಿ ಇಡಬೇಕು, ಹಳೇ ಉಕ್ಕಿನ ಮ್ಯಾಗ್ನೆಟ್ ಬಾಯಿ ತೆರೆದು ಬಿದ್ದಿದ್ದರೆ ಬಲ ಕಳೆದುಕೊಳ್ಳುತ್ತದೆ. ಆಮೇಲೆ ಸರಿಯಾದ ಧ್ರುವಕ್ಕೆ ಚಾರ್ಜ್ ಮಾಡಿಸಿ. ಹಳೇ ಬೈಕುಗಳ ಮ್ಯಾಗ್ನೆಟೊ (ಎಂಜಿನ್‌ಗೆ ಕಿಡಿ ಕೊಡುವ ಭಾಗ) ರಿಪೇರಿ ಮಾಡುವವರ ಹತ್ತಿರ ಇದಕ್ಕೆ ಯಂತ್ರ ಇರುತ್ತದೆ. ನನ್ನ ಹಳೇ ಸ್ಕ್ರೂ ಹುಡುಕಿ ಕೊಡಿ, ಇಲ್ಲದಿದ್ದರೆ ಅದೇ ಥ್ರೆಡ್‌ನ ಹೊಸದು ತರಿಸಿ. ಇದಕ್ಕೆಲ್ಲ ನಾನು ಒಂದು ಪೈಸೆಯೂ ಕೊಡುವುದಿಲ್ಲ. ಮೊದಲು ಕೊಟ್ಟ ಕೂಲಿ ಮತ್ತು ಮೇಣದ ದುಡ್ಡು ವಾಪಸ್ ಬೇಕು.

ನೀವೇ ಮಾಡಲು ಆಗದಿದ್ದರೆ ಹಾಗಂತ ಬರೆದು ಕೊಡಿ. ಬೇರೆ ಕಡೆ ಮಾಡಿಸಿ ಅದರ ಬಿಲ್ ನಿಮಗೆ ಕಳಿಸುತ್ತೇನೆ. ಹದಿನೈದು ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ 1915 ನಂಬರಿನ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ.

ಜಾಬ್ ಕಾರ್ಡ್, ಬಿಲ್, ರಿಪೇರಿಗೆ ಮೊದಲಿನ ಮತ್ತು ನಂತರದ ಫೋಟೋಗಳು, ದಿಕ್ಸೂಚಿ ಹಿಡಿದ ವಿಡಿಯೋ, ಎಲ್ಲವನ್ನೂ ಜೊತೆಗೆ ಇಟ್ಟಿದ್ದೇನೆ. ವಾದ್ಯ ನನ್ನ ಮನೆಯಲ್ಲಿದೆ. ಯಾರು ಬಿಚ್ಚುತ್ತಾರೆ ಅನ್ನುವುದು ಗೊತ್ತಾಗುವವರೆಗೂ ಅದನ್ನು ಕಳಿಸುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕಿ